ಬಿಳಿಗೆರೆಯ ಬೆಳ್ಳಿ ಗಟ್ಟಿ

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದ ಆಸಾಮಿ ನಾನು. ತಿಪಟೂರಿನಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇತ್ತು. ಹಗಲೆಲ್ಲ ತಕ್ಕಡಿ ಹಿಡಿದು ಕೂರುವವನಿಗೆ ತೂಕಕ್ಕೆ ಸಿಗದ ಯಾವುದರ ಮೇಲೂ ನಂಬಿಕೆ ಇರುವುದಿಲ್ಲ. ಇಂಥ ಕಥೆ ಹೇಳುವವರನ್ನು ಎದುರಿಗೇ ಗೇಲಿ ಮಾಡುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನನಗೆ ಹಳೇ ನಾಣ್ಯ ಕೂಡಿಡುವ ಹುಚ್ಚು. ಹಳೇ ತಾಮ್ರ, ಹಿತ್ತಾಳೆ ಕೊಟ್ಟು ಹೊಸ ಪಾತ್ರೆ ಒಯ್ಯಲು ಬರುವವರ ಗಂಟಿನಲ್ಲಿ ಕೆಲವು ಸಲ ಹಳೇ ದುಡ್ಡೂ ಇರುತ್ತಿತ್ತು. ಒಂದಿಷ್ಟೂ ಸವೆಯದ, ನಿನ್ನೆ ತಾನೆ ಟಂಕಸಾಲೆಯಿಂದ ಬಂದಂತಿರುವ ರಾಣಿತಲೆಯ ಬೆಳ್ಳಿ ರೂಪಾಯಿ ಸಿಕ್ಕರೆ ಆ ದಿನ ಊಟದ ನೆನಪೂ ಆಗುತ್ತಿರಲಿಲ್ಲ. "ಆ ರಾಣಿ ಮೊಖ ನೋಡಿದ್ರೇನೇ ನಿಮ್ಗೆ ಹೊಟ್ಟೆ ತುಂಬ್ತದೆ, ನಾನ್ಯಾಕೆ ಮುದ್ದೆ ತೊಳಸ್ಲಿ?" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು.

ನನ್ನ ಗೆಳೆಯ ಶಿವನಂಜಪ್ಪ ಬಿಳಿಗೆರೆಯವನು, ಕೊಬ್ಬರಿ ವ್ಯಾಪಾರಿ. ಅವನಿಗೆ ನಾಣ್ಯದ ಮೇಲೆ ಪ್ರೀತಿಯಿಲ್ಲ, ಬೆಳ್ಳಿಯ ಮೇಲೆ ಮಾತ್ರ. ಕೊಬ್ಬರಿಯಲ್ಲಿ ಬಂದ ಲಾಭವನ್ನೆಲ್ಲ ಬೆಳ್ಳಿ ಗಟ್ಟಿಗೆ ಹಾಕಿ ಪೆಟ್ಟಿಗೆಯಲ್ಲಿಡುತ್ತಿದ್ದ. "ಕೊಬ್ರಿಗೆ ಮುಗ್ಗಲು ಹಿಡೀತದೆ, ಬೆಳ್ಳಿಗೆ ಹಿಡಿಯಾಕಿಲ್ಲ ಕಣ್ಲಾ" ಎನ್ನುತ್ತಿದ್ದ. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಬೆಳ್ಳಿಯ ಬೆಲೆ ಏಕಾಏಕಿ ಏರಿತಲ್ಲ, ಆಗ ಅವನನ್ನು ಹಿಡಿಯುವವರೇ ಇರಲಿಲ್ಲ. ಬಿಡಿ ಬೆಳ್ಳಿಗಿಂತ ಗಟ್ಟಿಗೆ ಬೆಂಗಳೂರಿನಲ್ಲಿ ಒಳ್ಳೆ ರೇಟು ಎಂದು ಯಾರೋ ಹೇಳಿದ್ದರು. ಮನೆಯಲ್ಲಿದ್ದ ಕಾಲ್ಗಡಗ, ಮುರಿದ ಉಡಿದಾರ, ಅಜ್ಜನ ಕಾಲದ ರೂಪಾಯಿ ಎಲ್ಲವನ್ನೂ ಬಾಚಿ ತಂದು, ಅಕ್ಕಸಾಲಿಗರಲ್ಲಿ ಕರಗಿಸಿ ಗಟ್ಟಿ ಮಾಡಿಸಿದ. ಅವನ ಹೆಂಡತಿ ಗಂಗಮ್ಮ ಆಗ ತವರೂರು ಕೆಂಕೆರೆಗೆ ಹೋಗಿದ್ದಳು.

ಆ ರಾಶಿಯಲ್ಲಿ ಅವರ ಮಗುವಿನ ರೂಪಾಯಿಯೂ ಹೋಗಿಬಿಟ್ಟಿತು. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಗಂಡುಮಗು ಅದು. ರಾಣಿತಲೆಯ ರೂಪಾಯಿಗೆ ಕೊಂಡಿ ಬೆಸೆಸಿ, ಕರಿದಾರದಲ್ಲಿ ಕೊರಳಿಗೆ ಕಟ್ಟಿದ್ದರು. ಹಲ್ಲು ಬರುವ ವಯಸ್ಸು. ಜೊಲ್ಲು ಸುರಿಸುತ್ತ ದಿನವಿಡೀ ಅದನ್ನೇ ಚೀಪುತ್ತಿತ್ತು. ನಾನು ಎತ್ತಿಕೊಂಡಾಗಲೆಲ್ಲ ನನ್ನ ಅಂಗಿಯ ಹೆಗಲು ಒದ್ದೆ. ನಡೆಯಲು ಕಲಿಯುವ ಮೊದಲೇ ಜ್ವರ ಬಂದು ಮಗು ತೀರಿಹೋಯಿತು. ಆಮೇಲೆ ಗಂಗಮ್ಮನಿಗೆ ಉಳಿದದ್ದು ಆ ರೂಪಾಯಿ ಒಂದೇ. ಬಸ್ಸಿನಲ್ಲಿ ಎಲ್ಲಿ ಕಳೆದುಹೋಗುತ್ತದೋ ಎಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ತವರಿಗೆ ಹೋಗಿದ್ದಳು.

ಶಿವನಂಜಪ್ಪನಿಗೆ ವಿಷಯ ಹೊಳೆದದ್ದು ಎಲ್ಲ ಕರಗಿದ ಮೇಲೆ. ಅಂಗಡಿಗೆ ಓಡಿ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ನಾಳೆ ಅವ್ಳು ಬತ್ತಾಳೆ ಕಣ್ಲಾ. ಪೆಟ್ಟಿಗೆ ತೆಗೆದ್ರೆ ಪ್ರಾಣ ಬುಡ್ತಾಳೆ. ನಿನ್ತಾವ ಅಂಥದ್ದು ಇದ್ರೆ ಒಂದು ಕೊಡು, ಕೊಂಡಿ ಹಾಕಿಸ್ತೀನಿ" ಎಂದ. ಮಗುವನ್ನು ಎತ್ತಿಕೊಂಡಾಗಲೇ ನಾನು ಅದರ ರೂಪಾಯಿಯ ಇಸವಿ ನೋಡಿಟ್ಟಿದ್ದೆ. ನನ್ನ ಚಾಳಿ ಅದು. ಡಬ್ಬಿ ತೆಗೆದು ಅದೇ ರಾಣಿ, ಅದೇ ಇಸವಿಯದನ್ನು ಹುಡುಕಿದೆ. ನಾಣ್ಯ ಕೂಡಿಡುವವನ ಬುದ್ಧಿ ನೋಡಿ, ಗೆಳೆಯನಿಗೆ ತಾನೇ ಎಂದು ಇದ್ದುದರಲ್ಲೆಲ್ಲ ಚೆನ್ನಾಗಿದ್ದುದನ್ನೇ ಆರಿಸಿ ಕೊಟ್ಟೆ.

ಕೆಲವು ವಾರ ಕಳೆದ ಮೇಲೆ ಗಂಗಮ್ಮ ನನಗೆ ಹೇಳಿಕಳಿಸಿದಳು. ಕಡುಬೇಸಿಗೆಯ ಮಧ್ಯಾಹ್ನ. ಬಸ್ಸಿಳಿದು ಮನೆ ಸೇರಿದಾಗ ಶಿವನಂಜಪ್ಪ ಮಂಡಿಗೆ ಹೋಗಿದ್ದ. ಆಕೆ ನನ್ನ ರೂಪಾಯಿಯನ್ನು ಅಂಗೈಯಲ್ಲಿಟ್ಟು ಚಾಚಿದಳು.

"ಇದು ನಿಂದೇ ಅಲ್ವೇನಣ್ಣ? ಇದ್ರಲ್ಲಿ ರಾಣಿ ಮೂಗು ನೆಟ್ಟಗೈತೆ. ನನ್ ಮಗ ಚೀಪಿ ಚೀಪಿ ಸವೆಸಿಬುಟ್ಟಿದ್ದ."

ಮಗು ಚೀಪಿದರೆ ಬೆಳ್ಳಿ ಸವೆಯುವುದಿಲ್ಲ, ಅದು ಮೊದಲೇ ಸವೆದಿತ್ತು. ಆದರೆ ಅದನ್ನು ಆಕೆಗೆ ಹೇಳುವುದು ಹೇಗೆ? ನಾನು ತಲೆ ತಗ್ಗಿಸಿದೆ.

"ಬೈಯಾಕೆ ಕರೀಲಿಲ್ಲ ಕಣಣ್ಣ. ಒಂದು ತೋರಿಸ್ಬೇಕು, ಬಾ" ಎಂದು ಪೆಟ್ಟಿಗೆ ತೆರೆದಳು. ಒಳಗೆ ಹೊಸ ಗಟ್ಟಿಗಳು ಸಾಲಾಗಿದ್ದವು. ಒಂದರ ಮೂಲೆ ಮಾತ್ರ ಒದ್ದೆಯಾಗಿತ್ತು. ಒರೆಸು ಎಂದಳು. ಟವೆಲಿನಿಂದ ಒರೆಸಿದೆ. ನಾವು ನೋಡುತ್ತಿದ್ದಂತೆಯೇ ಅದೇ ಮೂಲೆಯಲ್ಲಿ ಮತ್ತೆ ತೇವ ಕೂಡಿತು. ನೀರಿನ ಹಾಗೆ ಹನಿಯಾಗಿ ನಿಲ್ಲಲಿಲ್ಲ, ಅಂಟಂಟು ಎಳೆಯಾಗಿ ಇಳಿಯಿತು.

ನನ್ನ ಕಣ್ಣು ಮೊದಲು ಹೋದದ್ದು ಅಟ್ಟಕ್ಕೆ. ಅಲ್ಲಿ ಕೊಬ್ಬರಿಗೆಂದು ತೆಂಗಿನಕಾಯಿ ತುಂಬಿದ್ದರು. ಯಾವುದೋ ಕಾಯಿ ಬಿರಿದು ನೀರು ತೊಟ್ಟಿಕ್ಕುತ್ತಿರಬೇಕು ಎಂದುಕೊಂಡೆ. ಆ ಗಟ್ಟಿಯನ್ನೂ ಇನ್ನೊಂದು ಗಟ್ಟಿಯನ್ನೂ ಎತ್ತಿಕೊಂಡು ಹೊರಗೆ ಜಗಲಿಯ ಬಿಸಿಲಿಗೆ ತಂದಿಟ್ಟೆ. ಕಲ್ಲು ಕಾದು ಕೈ ಸುಡುತ್ತಿತ್ತು. ಇನ್ನೊಂದು ಒಣಗಿಯೇ ಇತ್ತು. ಇದರ ಮೂಲೆ ಮತ್ತೆ ಒದ್ದೆಯಾಯಿತು. ಮತ್ತೆ ಒರೆಸಿದೆ, ಮತ್ತೆ ಒದ್ದೆ. ಮೂಸಿ ನೋಡೋಣ ಎನಿಸಿತು, ನಿಜ ಹೇಳುತ್ತೇನೆ, ಧೈರ್ಯ ಬರಲಿಲ್ಲ.

"ಅವ್ನ ರೂಪಾಯಿ ಇದ್ರಲ್ಲೇ ಸೇರೈತೆ. ಇದೊಂದನ್ನ ಮಾರ್ಬ್ಯಾಡ ಅಂತ ಅವ್ರಿಗೆ ಹೇಳಣ್ಣ. ನಿನ್ ಮಾತು ಕೇಳ್ತಾರೆ" ಎಂದಳು ಗಂಗಮ್ಮ.

ಅಷ್ಟು ಹೊತ್ತಿಗೆ ಬೆಳ್ಳಿ ಏರಿದಷ್ಟೇ ಬೇಗ ಇಳಿಯತೊಡಗಿತ್ತು. ಇದ್ದುದನ್ನೆಲ್ಲ ಮಾರಿಬಿಡುವ ಆತುರದಲ್ಲಿದ್ದ ಶಿವನಂಜಪ್ಪನಿಗೆ ನಾನು ಕಂಡದ್ದನ್ನು ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. "ನಂಗೆ ಅವ್ಳು ಅಳಾದು ಕಾಣ್ತದೆ. ಬೇರೆ ಏನೂ ಕಾಣಾಕಿಲ್ಲ, ಬುಡು" ಎಂದ. ಆದರೂ ಉಳಿದವನ್ನೆಲ್ಲ ಬೆಂಗಳೂರಿಗೆ ಒಯ್ದು ಆ ಒಂದನ್ನು ಮನೆಯಲ್ಲೇ ಬಿಟ್ಟ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಗಮ್ಮ ಒಬ್ಬಳೇ ಅಂಗಡಿಗೆ ಬಂದಳು. ಸೆರಗಿನಲ್ಲಿ ಸುತ್ತಿದ್ದ ಗಟ್ಟಿಯನ್ನು ನನ್ನ ಮುಂದಿಟ್ಟಳು.

"ಒಣಗೋಗೈತೆ ಕಣಣ್ಣ. ಸೋಮವಾರದಿಂದ ಕಾಯ್ತಾ ಇವ್ನಿ. ನನ್ ಕಣ್ಣಿಗೆ ಕಾಣ್ತಿಲ್ವೇನೋ, ನೀನೊಂದ್ಸಲ ನೋಡು."

ಬೆಳಕಿಗೆ ಹಿಡಿದೆ. ಎಲ್ಲ ಮೂಲೆಗೂ ಹೆಬ್ಬೆರಳು ಆಡಿಸಿದೆ. ಜೀವಮಾನದಲ್ಲಿ ಎಂದೂ ದೇವರನ್ನು ಏನೂ ಬೇಡದ ನಾನು, ಎಲ್ಲಾದರೂ ಒಂಚೂರು ತೇವ ಸಿಗಲಪ್ಪ ಎಂದು ಬೇಡಿದೆ. ಸಿಗಲಿಲ್ಲ. ಇದೆ ಎಂದು ಸುಳ್ಳು ಹೇಳಲೂ ಬಾಯಿ ಬರಲಿಲ್ಲ. ಆಕೆ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಮಗುವನ್ನು ಮಣ್ಣಿಗಿಟ್ಟ ದಿನ ಅತ್ತಳಲ್ಲ, ಹಾಗೇ ಅತ್ತಳು. "ಇನ್ ಮಾರ್ಕೊಳ್ಲಿ ಅಂತ ಹೇಳು" ಎಂದು ಗಟ್ಟಿಯನ್ನು ಅಲ್ಲೇ ಬಿಟ್ಟು ಬಸ್‌ ಸ್ಟ್ಯಾಂಡಿನ ಕಡೆ ನಡೆದಳು.

ಆಮೇಲೆ ಇದನ್ನು ತಿಳಿದವರ ಹತ್ತಿರ ಕೇಳಿದ್ದೇನೆ. ಕರಗಿಸುವಾಗ ಯಾವುದೋ ಉಪ್ಪು ಸೇರಿಕೊಂಡರೆ ಅದು ಗಾಳಿಯ ತೇವ ಎಳೆಯುತ್ತದೆ ಎಂದು ಒಬ್ಬ ಮೇಷ್ಟರು ವಿವರಿಸಿದರು. ಇರಬಹುದು. ಕಾದ ಕಲ್ಲಿನ ಮೇಲೆ ಒದ್ದೆಯಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ ಯಾಕೆ ಒಣಗಿತು? ನನಗಂತೂ ಇವತ್ತಿಗೂ ಗೊತ್ತಿಲ್ಲ.

ಅದೇ ದಿನ ಸಂಜೆ ಗಟ್ಟಿ ಒಯ್ಯಲು ಶಿವನಂಜಪ್ಪ ಬಂದ. ಗಂಗಮ್ಮ ಹೇಳಿದ್ದನ್ನು ಹೇಳಿದೆ. ಬೆಂಚಿನ ಮೇಲೆ ಕೂತು, ಗಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡ. ಎದುರು ನಾನಿದ್ದೇನೆ ಎಂಬುದನ್ನೂ ಮರೆತಂತೆ, ಹೆಗಲ ಮೇಲಿನ ಟವೆಲ್ ತೆಗೆದು, ನಾನೆಂದೂ ತೋರಿಸಿರದ ಆ ಮೂಲೆಯನ್ನೇ ನೇರವಾಗಿ ಹಿಡಿದು ಮೆಲ್ಲಗೆ ಒರೆಸಿದ. ಒರೆಸಲು ಅಲ್ಲಿ ಏನೂ ಇರಲಿಲ್ಲ.