ಶಾಂತವ್ವ ಚೆಲ್ಲದ ನೀರು

ಕಳೆದ ವಿಧಾನಸಭೆ ಚುನಾವಣೆಗೆ ಇನ್ನೂ ಮೂರು ತಿಂಗಳಿತ್ತು. ಮೂಡಲಗಿ ತಾಲೂಕಿನ ನಮ್ಮ ಊರಲ್ಲಿ ಹೊಸ ಗುಡಿಯ ಕಳಸಾರೋಹಣ ಇಟ್ಟುಕೊಂಡಿದ್ದರು. ಟಿಕೆಟ್ಟಿನ ಆಸೆಯಲ್ಲಿದ್ದ ಗುತ್ತಿಗೆದಾರ ಸಾಹೇಬರೊಬ್ಬರು ಗೋಪುರ ಕಟ್ಟಿಸಿಕೊಟ್ಟಿದ್ದರು. ಹೀಗಾಗಿ ಬ್ಯಾನರಿನಲ್ಲಿ ದೇವರು ಮೂಲೆಯಲ್ಲಿ, ಅವರು ನಡುವೆ.

ನಾನು ಗೋಕಾಕದಲ್ಲಿ ಹೈಸ್ಕೂಲ್ ಶಿಕ್ಷಕಿ. ಊರಿನ ಮಹಿಳಾ ಸಂಘವನ್ನೂ ನೋಡಿಕೊಳ್ಳುತ್ತೇನೆ. ಗುಡಿ ಕಮಿಟಿಯ ಹಿರಿಯರಾದ ನನ್ನ ಗಂಡನ ಕಾಕಾ ಮನೆಗೆ ಬಂದು, "ನೂರೊಂದು ಕುಂಭ ಆಗಬೇಕ ನೋಡವಾ. ಎಲ್ಲಾ ಓಣಿ ಹೆಣ್ಮಕ್ಕಳೂ ಬರ್ಲಿ. ಬಸವಣ್ಣನ ನಂಬಿದವರು ನಾವು, ನಮ್ಮಲ್ಲಿ ಭೇದ ಇಲ್ಲ" ಅಂದರು. ನನಗೆ ಹಿಗ್ಗೋ ಹಿಗ್ಗು. ಹೆಂಗಸರು ಹೊಳೆಯಿಂದ ಹೊತ್ತು ತಂದ ನೀರಿನಿಂದಲೇ ಅಭಿಷೇಕ ಮಾಡುವುದು ನಮ್ಮಲ್ಲಿಯ ಪದ್ಧತಿ. ಕೆಳಗಿನ ಓಣಿಯವರ ನೀರೂ ಒಳಗೆ ಹೋಗುತ್ತದೆ ಅಂದರೆ ಸಣ್ಣ ಮಾತೇ?

ಆ ಓಣಿಗೆ ನಾನೇ ಹೋದೆ. ಶಾಂತವ್ವ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುವವಳು, ಸಂಘದಲ್ಲೂ ಇದ್ದಾಳೆ. ಅವಳು ಸುತಾರಾಂ ಒಪ್ಪಲಿಲ್ಲ.

"ಬ್ಯಾಡ ಬಿಡ್ರಿ ಅಕ್ಕೋರ. ನಮ್ಮ ಮನ್ಯಾಗ ಬುದ್ಧನ ಫೋಟೋ ಐತಿ, ಬಾಬಾಸಾಹೇಬರ ಫೋಟೋ ಐತಿ. ಅಷ್ಟ ಸಾಕ ನಮಗ. ಮಗಳಿಗೆ ಗೊತ್ತಾದ್ರ ಬೈತಾಳ."

ಮಗಳು ಹುಕ್ಕೇರಿಯಲ್ಲಿ ನರ್ಸ್. ನಾನೇ ಅವಳಿಗೆ ಫೋನ್ ಹಚ್ಚಿದೆ. "ಅವರು ಕರಿಯೂದು ಮಂದಿ ತೋರ್ಸಾಕ್ರಿ ಅಕ್ಕೋರ. ನಮ್ಮವ್ವನ ಮಾನ ಹೋದ್ರ ಯಾರ ಜವಾಬ್ದಾರಿ?" ಅಂದಳು. "ನಾನು" ಅಂದೆ. ಆ ಮಾತಿನ ಮೇಲೆ ಶಾಂತವ್ವ ಒಪ್ಪಿದಳು.

ಕಳಸಾರೋಹಣದ ದಿನ ಶಾಂತವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಕೊಡ ತಂದಿದ್ದಳು. ಅವಳ ಓಣಿಯಿಂದ ಎಂಟು ಮಂದಿ ಬಂದಿದ್ದರು. ಹೊಳೆಯ ದಂಡೆಯಲ್ಲಿ ಫೋಟೋ ತೆಗೆಯುವಾಗ ಅವರನ್ನೇ ಮುಂದೆ ನಿಲ್ಲಿಸಿದರು. ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆದೆವು. ಬಂದಷ್ಟೂ ಹೊತ್ತು ಶಾಂತವ್ವ ಒಂದು ಹನಿ ತುಳುಕಿಸಲಿಲ್ಲ.

ಗುಡಿಯ ಬಾಗಿಲಲ್ಲಿ ಕಾಕಾ ನಿಂತಿದ್ದರು. ಆ ಎಂಟೂ ಜನರನ್ನು ಬಾಜೂಕ್ಕೆ ಸರಿಸಿದರು.

"ನೀವು ಇಲ್ಲೇ ನಿಂದರ್ರಿ. ಒಳಗ ಜಾಗಾ ಇಲ್ಲ. ಸಾಹೇಬ್ರ ಗಾಡಿ ಬರೂ ಕಡೆ ಭಾಳ ಧೂಳ ಐತಿ, ನಿಮ್ಮ ನೀರು ಅಲ್ಲಿ ಸುರುವಿಬಿಡ್ರಿ. ಎಲ್ಲಿ ಹಾಕಿದ್ರೂ ದೇವರಿಗೆ ಮುಟ್ಟತೈತಿ."

ನನಗೆ ಮೈಯೆಲ್ಲ ಉರಿಯಿತು. "ಕಾಕಾ, ನೀವೇ ಹೇಳಿದ್ರಲ್ರಿ?" ಅಂದೆ.

"ಈಗ ಮಾತ ಬೆಳಸಬ್ಯಾಡ. ದೊಡ್ಡ ಮಂದಿ ಬರಾಕತ್ತಾರ. ಮನಿ ಮರ್ಯಾದಿ ನೋಡು, ನಡಿ ಒಳಗ."

ಅಷ್ಟರಲ್ಲಿ ಎಸಿ ಕಾರು ಬಂತು. ಸಾಹೇಬರ ಹೆಂಡತಿ ಇಳಿದರು. ಡ್ರೈವರ್ ಹಿಂದಿನಿಂದ ಬೆಳ್ಳಿ ಕೊಡ ತಂದು ಅವರ ಕೈಗಿಟ್ಟ. ಹೊಳೆಯ ದಾರಿಯನ್ನೇ ನೋಡದ ಆ ಕೊಡ ಎಲ್ಲರಿಗಿಂತ ಮೊದಲು ಗರ್ಭಗುಡಿಗೆ ಹೋಯಿತು. ಅದರ ಹಿಂದೆ ಮಿಕ್ಕ ಓಣಿಗಳ ಹೆಂಗಸರ ಸಾಲು ಹೊರಟಿತು. ನಾನೂ ಹೋದೆ. ಯಾರೂ ನನ್ನನ್ನು ನೂಕಲಿಲ್ಲ. ನನ್ನ ಕಾಲಿನಿಂದಲೇ ಹೊಸ್ತಿಲು ದಾಟಿ ನನ್ನ ನೀರು ಕೊಟ್ಟು ಬಂದೆ. ಥೂ, ಇವತ್ತು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಹೊರಗೆ ಬಂದಾಗ ಶಾಂತವ್ವ ಇರಲಿಲ್ಲ. ಉಳಿದ ಏಳು ಜನ ಖಾಲಿ ಕೊಡ ಹಿಡಿದು ನಿಂತಿದ್ದರು. ನೆಲ ಒದ್ದೆಯಾಗಿತ್ತು. ವೇದಿಕೆಯ ಮೇಲೆ ಸಾಹೇಬರು, "ಮೇಲು ಕೀಳು ಇಲ್ಲದ ಊರು ನೋಡಬೇಕಂದ್ರ ಇಲ್ಲಿಗೆ ಬರ್ರಿ" ಅನ್ನುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಡಿ ದೇವರದ್ದು ಅಂದುಕೊಂಡಿದ್ದ ದಡ್ಡಿ ನಾನೊಬ್ಬಳೇ ಇರಬೇಕು. ಅದು ರೊಕ್ಕ ಇದ್ದವರ, ವೋಟು ಬೇಕಾದವರ, ಊರಾಳುವವರ ಗುಡಿ.

ಸಂಜೆ ಶಾಂತವ್ವನ ಮನೆಗೆ ಹೋದೆ. ಕೊಡ ಕಟ್ಟೆಯ ಮೇಲಿತ್ತು, ತುಂಬಿದ್ದು ತುಂಬಿದ ಹಾಗೇ. ಅವಳು ಕೂಡ್ರಿ ಅನ್ನಲಿಲ್ಲ.

"ತಪ್ಪಾತು ಶಾಂತವ್ವ. ಕಾಕಾ ಹಿಂಗ ಮಾಡ್ತಾರಂತ ಗೊತ್ತಿರಲಿಲ್ಲ" ಅಂದೆ.

"ಅವರ ಮ್ಯಾಲ ನನಗೇನ್ ಸಿಟ್ಟಿಲ್ರಿ ಅಕ್ಕೋರ. ಅವರು ಹಂಗ ಅಂತ ನಮ್ಮಜ್ಜಿ ಕಾಲದಿಂದ ಗೊತ್ತೈತಿ" ಅಂದಳು. ಆಮೇಲೆ ನನ್ನ ಮುಖ ನೋಡಿ, "ನೀವ್ಯಾಕ ಒಳಗ ಹೋದ್ರಿ?" ಅಂದಳು.

ಎದೆಯ ಮೇಲಿನ ಲಿಂಗ ಸೆರಗಿನೊಳಗೆ ಭಾರವಾಯಿತು.

ಮರುದಿನವೇ ಕಾಕಾ ಹತ್ತಿರ ಜಗಳವಾಡಿದೆ. ಅವರ ಮನೆಗೆ ಇವತ್ತಿಗೂ ಹೋಗಿಲ್ಲ. ಹೊಳೆದಂಡೆಯ ಆ ಫೋಟೋ, ಮುಂದಿನ ಸಾಲಿನಲ್ಲಿ ಶಾಂತವ್ವ ಇರುವುದು, ಚುನಾವಣೆ ಮುಗಿಯುವವರೆಗೆ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಈಗಲೂ ಯಾವ ಪಕ್ಷದವರದೋ ಫೋನ್ ಬರುತ್ತದೆ, "ಮೇಡಂ, ಕುಂಭಕ್ಕ ಹೆಣ್ಮಕ್ಕಳನ್ನ ಕರ್ಕೊಂಡ ಬರ್ರಿ" ಅಂತ. ಬಾಯಿಗೆ ಬಂದಂತೆ ಬೈದು ಇಡುತ್ತೇನೆ.

ಬೈಯುವುದು ಈಗ ಸುಲಭ. ಅವತ್ತು ಹೊಸ್ತಿಲ ಹೊರಗೆ ಶಾಂತವ್ವನ ಬಾಜೂಕ್ಕೆ ಸುಮ್ಮನೆ ನಿಂತಿದ್ದರೂ ಸಾಕಿತ್ತು. ಅಷ್ಟೂ ನನ್ನಿಂದಾಗಲಿಲ್ಲ.