ಪೆದ್ದಹರಿವಾಣದ ಸಿಂಹಿಣಿ

೧೯೫೫ರ ಬೇಸಿಗೆಯಲ್ಲಿ ನಾನು ಆದೋನಿಯಲ್ಲಿ ಪಶುವೈದ್ಯನಾಗಿದ್ದೆ. ನಮ್ಮ ತಾಲೂಕು ಬಳ್ಳಾರಿಯ ಕೈಬಿಟ್ಟು ಆಂಧ್ರಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಕರಾವಳಿಯ ಕಡೆಯಿಂದ ಹೊಸ ಅಧಿಕಾರಿಗಳು ಬರುತ್ತಿದ್ದರು. ಅವರಲ್ಲಿ ಒಳ್ಳೆಯವರೂ ಇದ್ದರು. ನಾನು ಹೇಳಹೊರಟಿರುವುದು ಅಂಥವನ ಕಥೆಯಲ್ಲ. ಹೆಸರು ಬೇಡ, ಆ ಮರ್ಯಾದೆಗೂ ಆತ ತಕ್ಕವನಲ್ಲ. ಸಾಹೇಬ ಅಂದರೆ ಸಾಕು.

ಪೆದ್ದಹರಿವಾಣದ ಹನುಮಕ್ಕ ಗಂಡ ಸತ್ತ ಮೇಲೆ ಕುರಿಹಿಂಡನ್ನು ತಾನೇ ಕಾಯುತ್ತಿದ್ದಳು. ಅವಳಿಗಿದ್ದ ಆಸ್ತಿಯೆಂದರೆ ಅದೊಂದೇ. ಒಂದು ಬೆಳಿಗ್ಗೆ ಕಲ್ಲುಗುಡ್ಡದ ಬುಡದಲ್ಲಿ ಅವಳ ಕುರಿಯೊಂದು ಸತ್ತು ಬಿದ್ದಿತ್ತು. ಊರಿಗೆ ಬಂದಿದ್ದ ಸಾಹೇಬನ ಮುಂದೆ, "ಸಿವಂಗಿ ಹಿಡದೈತ್ರಿ" ಅಂದಳು. ನಮ್ಮ ಕುರಿಗಾಹಿಗಳ ಬಾಯಲ್ಲಿ ಸಿವಂಗಿ ಎಂದರೆ ಕತ್ತೆಕಿರುಬ. ಸಾಹೇಬನ ತೆಲುಗಿನಲ್ಲಿ ಸಿವಂಗಿ ಎಂದರೆ ಹೆಣ್ಣು ಸಿಂಹ! ಪುಣ್ಯಾತ್ಮ ಮರುಮಾತು ಕೇಳಲಿಲ್ಲ. ಗುಡ್ಡದಲ್ಲಿ ಸಿಂಹಿಣಿ ಇದೆಯೆಂದು ಮೇಲಕ್ಕೆ ರಿಪೋರ್ಟು ಕಳಿಸಿದ. ಅದನ್ನು ಕೊಲ್ಲುವವರೆಗೆ ಯಾರೂ ಗುಡ್ಡ ಹತ್ತಕೂಡದೆಂದು ಡಂಗುರ ಹೊಡೆಸಿದ. ಮೇಲಿನವರಾದರೂ ಎಂಥವರು? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ಬಂದೂಕಿನವರನ್ನು ಕಳಿಸುತ್ತೇವೆ ಎಂದು ಉತ್ತರ ಬರೆದರು.

ಆ ಬಿಸಿಲಿನಲ್ಲಿ ಕುರಿಗಳಿಗೆ ನೀರಿದ್ದದ್ದು ಗುಡ್ಡದ ಮೇಲೆ ಬಂಡೆಯ ಕುಳಿಯಲ್ಲಿ ನಿಂತ ದೊಣೆಯಲ್ಲಿ ಮಾತ್ರ. ಊರ ಬಾವಿಯ ನೀರು ಜನಕ್ಕೇ ಸಾಲುತ್ತಿರಲಿಲ್ಲ. ನಾನು ಹೋಗಿ ಸತ್ತ ಕುರಿಯನ್ನು ನೋಡಿದೆ. ತೊಡೆಯೆಲುಬು ಹುರಿಗಡಲೆಯಂತೆ ಪುಡಿಯಾಗಿತ್ತು. ಹಾಗೆ ಎಲುಬು ಅಗಿಯುವುದು ಕಿರುಬದ ದವಡೆ. ಪಕ್ಕದ ಮಣ್ಣಿನಲ್ಲಿ ಅದರ ಹೆಜ್ಜೆಯೂ ಮೂಡಿತ್ತು. ನೇರ ಸಾಹೇಬನ ಬಳಿ ಹೋದೆ.

"ಸರ್, ಸಿಂಹ ಇರೋದು ಆಫ್ರಿಕಾದಲ್ಲಿ. ನಮ್ಮ ದೇಶದಲ್ಲಿ ಗುಜರಾತಿನ ಗಿರ್ ಕಾಡೊಂದರಲ್ಲೇ" ಅಂದೆ.

"ಅಕ್ಕಡ ನುಂಚಿ ರಾಕೂಡದಾ?" ಅಂದ. ಅಲ್ಲಿಂದ ಬರಬಾರದೇ ಅಂತೆ!

"ಬರಬಹುದು. ಬೊಂಬಾಯಿ ಮೇಲ್ ಹತ್ತಿ ಆದೋನಿ ಸ್ಟೇಷನ್ನಿನಲ್ಲಿ ಇಳಿದಿರಬೇಕು."

ಅವನಿಗೆ ನಗು ಬರಲಿಲ್ಲ. "ರಿಪೋರ್ಟು ಹೋಗಿದೆ. ಈಗ ಸಿಂಹ ಇಲ್ಲ ಅಂದರೆ ನನ್ನ ಮರ್ಯಾದೆ ಏನಾಗಬೇಕು?" ಅಂದ. ಥೂ! ಕುರಿಗಳು ಸತ್ತರೂ ಸರಿ, ಇವನ ಮರ್ಯಾದೆ ಕಾಯಲು ಸಿಂಹ ಬೇಕು.

ಬಂದೂಕಿನವರು ಬಂದರು. ಬೇವಿನ ಮರದ ಕೆಳಗೆ ಜಮಖಾನ ಹಾಸಿ ಇಸ್ಪೀಟು ಆಡಿದರು, ಊರವರ ಮರಿ ಕೊಯ್ಯಿಸಿ ಉಂಡರು, ಸಂಜೆ ಬಂಡೆಗಳಿಗೆ ಗುಂಡು ಹೊಡೆದರು. ಅತ್ತ ಹನುಮಕ್ಕನ ಕುರಿಗಳು ಬಾಯಾರಿ ನೆಲ ಹಿಡಿಯುತ್ತಿದ್ದವು. ಗುಡ್ಡದ ದಾರಿಯಲ್ಲಿ ಪೊಲೀಸಿನವನು ಲಾಠಿ ಹಿಡಿದು ನಿಂತಿದ್ದ. ನನ್ನ ಪೆಟ್ಟಿಗೆಯಲ್ಲಿ ನೂರು ಔಷಧಿಗಳಿದ್ದವು. ಬಾಯಾರಿಕೆಗೆ ಅದರಲ್ಲಿ ಯಾವುದನ್ನು ಕೊಡಲಿ?

ಕೊನೆಗೆ ಸಾಹೇಬನಿಗೆ ಅವನಿಗೆ ತಿಳಿಯುವ ಮಾತಿನಲ್ಲೇ ಹೇಳಿದೆ: "ಸಿಂಹಿಣಿ ಗಡಿ ದಾಟಿ ಮೈಸೂರು ರಾಜ್ಯಕ್ಕೆ ಹೋಯಿತು ಅಂತ ಬರೆಯಿರಿ. ಇನ್ನು ಅದು ಬಳ್ಳಾರಿಯವರ ತಲೆನೋವು." ಮುಖ ಅರಳಿತು. ಕೂತಲ್ಲೇ ಬರೆದ. ಆ ಸಂಜೆಯೇ ಗುಡ್ಡ ತೆರೆಯಿತು. ಆಮೇಲೆ ಅವನಿಗೆ ಮೇಲಿನಿಂದ ಮೆಚ್ಚುಗೆಯೂ ಬಂತು!

ಅಷ್ಟರಲ್ಲಿ ಹಿಂಡಿನ ಅರ್ಧಕ್ಕಿಂತ ಹೆಚ್ಚು ಕುರಿಗಳು ಸತ್ತಿದ್ದವು. ಹನುಮಕ್ಕ ಅವುಗಳ ನಡುವೆ ಕೂತಿದ್ದಳು.

"ಎಪ್ಪಾ, ಸಿವಂಗಿ ತಿಂದಿದ್ದು ಒಂದ ಕುರಿ. ಇವನ್ನೆಲ್ಲಾ ತಿಂದಿದ್ದು ಯಾವ ಪ್ರಾಣೀರಿ?" ಅಂದಳು.

ಅಂದಿನಿಂದ ನೌಕರಿ ಮುಗಿಯುವವರೆಗೆ, ಹಳ್ಳಿಯವರು ಯಾವ ಪ್ರಾಣಿಯ ಹೆಸರು ಹೇಳಿದರೂ "ಅದು ಹೆಂಗಿರತೈತಿ?" ಎಂದು ಕೇಳದೆ ನಾನು ಒಂದಕ್ಷರ ಬರೆಯಲಿಲ್ಲ. ಅದನ್ನು ಕೇಳಲು ದೊಡ್ಡ ಓದು ಬೇಕಿಲ್ಲ. ಆ ಸಾಹೇಬ ಒಮ್ಮೆ ಕೇಳಿದ್ದರೆ ಹನುಮಕ್ಕನ ಕುರಿಗಳು ನೀರು ಕುಡಿಯುತ್ತಿದ್ದವು.