ಕೊನೆಬಾಗಿಲು ಸೀಮೆಯ ಇಬ್ಬರು ರಾಣಿಯರು

ಕೊನೆಬಾಗಿಲು ಸೀಮೆ ಯಾವ ಭೂಪಟದಲ್ಲೂ ಇಲ್ಲ. ಅದಿರುವುದು ತೋಡಾರಿನಲ್ಲಿ, ಅನಂತಮತಿಯವರ ಮನೆಯ ಅಟ್ಟದಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಚೆನ್ನೆಮಣೆಯ ಒಂದು ತುದಿಯಲ್ಲಿ. ವರ್ಷದ ಹೆಚ್ಚಿನ ಕಾಲ ಆ ಸೀಮೆ ಕತ್ತಲೆಯಲ್ಲಿ ಮಲಗಿರುತ್ತದೆ. ಜಡಿಮಳೆಯ ಆಟಿ ತಿಂಗಳು ಬಂತೆಂದರೆ ಮಣೆ ಕೆಳಗಿಳಿಯುತ್ತದೆ. ಹೊರಗಿನ ಕೆಲಸ ಕಡಮೆಯಾಗುವ ಆ ಒಂದು ತಿಂಗಳು ಬಿಟ್ಟರೆ ಚೆನ್ನೆ ಆಡುವ ಕ್ರಮ ನಮ್ಮ ಕಡೆ ಇಲ್ಲ. ಮಣೆ ಇಳಿದ ದಿನವೇ ಕೊನೆಬಾಗಿಲಿನಲ್ಲಿ ಯುದ್ಧವೂ ಶುರುವಾಗುತ್ತದೆ.

ಅನಂತಮತಿಯವರನ್ನು ಊರಿನವರು ಕರೆಯುವುದು ಮತಿಯಕ್ಕ ಎಂದು. ಅವರು ಹುಟ್ಟಿದ್ದು ಬೆಳ್ತಂಗಡಿಯ ಕಡೆ, ವೇಣೂರಿನ ಹತ್ತಿರ. ಮದುವೆಯಾಗಿ ಬರುವಾಗ ತಾಯಿಮನೆಯಿಂದ ತಂದ ಸೀರೆಗಳು ಹರಿದುಹೋದವು, ತಾಮ್ರದ ಕೊಡ ತೂತಾಯಿತು, ಹಲಸಿನ ಮರದ ಈ ಮಣೆ ಮಾತ್ರ ಹಾಗೆಯೇ ಉಳಿಯಿತು. ಗಂಡ ವಿಜಯರಾಜರು ಊರಿನ ಸಣ್ಣ ಬಸದಿಯನ್ನು ನೋಡಿಕೊಳ್ಳುವವರು, ಬೀಗದ ಕೈ ಯಾವಾಗಲೂ ಅವರ ಸೊಂಟದಲ್ಲಿ. ಮತಿಯಕ್ಕನಿಗೆ ಊರು ಬಿಟ್ಟು ಹೋಗುವ ಆಸೆ ಕಡಮೆ. ಬಸ್ಸು ಹತ್ತಿದರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಮೊದಲ ತಿರುವಿನಲ್ಲಿ ಬೆವರು, ಎರಡನೆಯದರಲ್ಲಿ ವಾಂತಿ. ತಾಯಿಮನೆಗೆ ಹೋಗುವುದನ್ನೂ ಅವರು ಮದುವೆ, ಸಾವುಗಳಿಗೆ ಮಾತ್ರ ಇಟ್ಟುಕೊಂಡಿದ್ದರು.

ಪಕ್ಕದ ಮನೆಗೆ ತ್ರಿಪುರಸುಂದರಿ ಟೀಚರ್ ಬಂದದ್ದು ವಾಮದಪದವಿನ ಶಾಲೆಯಿಂದ ವರ್ಗವಾಗಿ. ಮೊದಲು ಬಾಡಿಗೆಗೆ ಇದ್ದರು, ಆಮೇಲೆ ಆ ಮನೆಯನ್ನೇ ಕೊಂಡುಕೊಂಡರು. ಬಂದ ವರ್ಷದ ಆಟಿಯಲ್ಲಿ ಮತಿಯಕ್ಕನ ಜಗಲಿಯಲ್ಲಿ ಮಣೆ ಕಂಡು ಸೆರಗು ಸಿಕ್ಕಿಸಿ ಕೂತೇ ಬಿಟ್ಟರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಮಣೆಯಲ್ಲಿ ಎದುರುಬದುರು ಎರಡು ಸಾಲು ಗುಳಿಗಳು, ಒಬ್ಬೊಬ್ಬರಿಗೆ ಒಂದೊಂದು ಸಾಲು. ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಕಾಳು. ಒಂದು ಗುಳಿಯ ಕಾಳನ್ನು ಎತ್ತಿ ಒಂದೊಂದಾಗಿ ಹಂಚುತ್ತಾ ಹೋಗಬೇಕು. ಕೈ ಬರಿದಾಗುವಾಗ ಮುಂದಿನ ಗುಳಿಯೂ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿ ಇದ್ದದ್ದೆಲ್ಲ ಆಡಿದವರ ಪಾಲು. ಒಂದು ಸುತ್ತು ಮುಗಿದ ಮೇಲೆ ಇಬ್ಬರೂ ತಮ್ಮ ಸಾಲನ್ನು ಪುನಃ ತುಂಬಿಸಬೇಕು. ಕಾಳು ಸಾಲದಿದ್ದವರ ತುದಿಯ ಗುಳಿ ಪಾಳು.

ಮೊದಲ ದಿನ ಸೋತದ್ದು ಮತಿಯಕ್ಕ. ಬಾಗಿಲ ಕಡೆಯ ತುದಿಯ ಗುಳಿ ಖಾಲಿ ಉಳಿಯಿತು. ಟೀಚರ್ ಅದನ್ನು ಬೆರಳಲ್ಲಿ ಮುಟ್ಟಿ ಕೇಳಿದರು:

"ಇದು ಯಾಕೆ ಬಿತ್ತು? ಅಲ್ಲಿ ಏನಾಯಿತು, ಹೇಳಿ."

"ಎಂತ ಆಗುವುದು ಟೀಚರೇ? ಕಾಳು ಸಾಕಾಗಲಿಲ್ಲ."

"ಅದು ಉತ್ತರ ಅಲ್ಲ. ನೀವು ರಾಣಿ. ನಿಮ್ಮ ರಾಜ್ಯದ ಗಡಿಸೀಮೆ ಪಾಳುಬಿದ್ದಿದೆ. ಕಾರಣ ಬೇಡವಾ?"

ಮತಿಯಕ್ಕ ಸ್ವಲ್ಪ ಯೋಚಿಸಿ, "ಅಲ್ಲಿಯ ಸೈನಿಕರಿಗೆ ಊಟ ಕಳಿಸಲಿಕ್ಕೆ ನನಗೆ ಮರೆತುಹೋಯಿತು" ಎಂದರು.

ಟೀಚರ್ ನಕ್ಕ ನಗೆಗೆ ಒಳಗಿದ್ದ ವಿಜಯರಾಜರು ಹೊರಗೆ ಬಂದು ನೋಡಿದರು. ಕೊನೆಬಾಗಿಲಿನ ಚರಿತ್ರೆ ಶುರುವಾದದ್ದು ಹಾಗೆ.

ಆಮೇಲೆ ಅದಕ್ಕೆ ಕ್ರಮಗಳು ಬಂದವು. ಬಾಗಿಲ ಕಡೆಯ ಎದುರುಬದುರು ಎರಡು ಗುಳಿ ಸೇರಿ ಕೊನೆಬಾಗಿಲು ಸೀಮೆ. ಅರ್ಧ ಮತಿಯಕ್ಕನದು, ಅರ್ಧ ಟೀಚರದ್ದು. ಯಾರ ಅರ್ಧ ಬೀಳುತ್ತದೋ ಅವರು ಅದರ ಮೇಲೊಂದು ಗರಿಕೆ ಇಟ್ಟು ಅಲ್ಲಿ ಏನಾಯಿತೆಂದು ಹೇಳಬೇಕು. ಗೆದ್ದವರು ಬಾಯಿ ತೆರೆಯುವಂತಿಲ್ಲ. ಆ ಕೊನೆಯ ಕ್ರಮ ಟೀಚರದ್ದು. "ಶಾಲೆಯಲ್ಲಿ ನಾನು ಕಲಿಸುವುದೆಲ್ಲ ಗೆದ್ದವರು ಹೇಳಿದ್ದು. ಇಲ್ಲಾದರೂ ಸೋತವರು ಹೇಳಲಿ" ಎಂದಿದ್ದರು. ಅಕ್ಕತಂಗಿಯರು ಎದುರುಬದುರು ಚೆನ್ನೆಗೆ ಕೂರಬಾರದೆಂದು ಹಿರಿಯರು ಹೇಳುವುದುಂಟು. ಆದ್ದರಿಂದ ಮಣೆ ಕೆಳಗಿರುವಷ್ಟು ಹೊತ್ತು ಟೀಚರ ಬಾಯಲ್ಲಿ "ಮತಿಯಕ್ಕ" ಇಲ್ಲ, "ಮಹಾರಾಣಿ".

ಹೀಗೆ ಆಟಿಯಿಂದ ಆಟಿಗೆ ಚರಿತ್ರೆ ಬೆಳೆಯಿತು. ಒಬ್ಬ ಸುಂಕದವನು ಕೊನೆಬಾಗಿಲಿಗೆ ಸುಂಕ ಕೇಳಲು ಹೋಗಿ ಕೇಳಲು ಹೋದ ಮನೆಯ ಅಳಿಯನಾಗಿ ಕೂತ. ರಾಣಿಗೆ ಸುಂಕವೂ ಬರಲಿಲ್ಲ, ಸುಂಕದವನೂ ಬರಲಿಲ್ಲ. ಒಂದು ಸಲ ಆನೆಗಳ ದಂಡು ಹಲಸಿನ ಹಣ್ಣಿನ ಪರಿಮಳಕ್ಕೆ ದಾರಿ ತಪ್ಪಿ ಕಾಡು ಸೇರಿತು. ಕೂಸಪ್ಪನೆಂಬ ಸೇನಾಪತಿ ಇಬ್ಬರೂ ರಾಣಿಯರ ಸಂಬಳ ತಿಂದು, ನಡುವಿನ ಹೊಳೆಯಲ್ಲಿ ಗಾಳ ಹಾಕಿಕೊಂಡು ಕೂತಿದ್ದ. ನಿಜವಾದ ಕೂಸಪ್ಪ ಆ ಹೊತ್ತಿಗೆ ತೆಂಗಿನಕಾಯಿ ಕೊಯ್ಯಲು ಬಂದವನು ಜಗಲಿಯ ಕೆಳಗೆ ನಿಂತು ಕೇಳಿ, "ನನ್ನ ಆ ಸಂಬಳ ಎಲ್ಲಿ ಉಂಟು ಮಾರಾಯ್ರೇ?" ಎಂದಿದ್ದ.

ಸೀಮೆಯ ಜನರಿಗೆ ಯುದ್ಧ ರೂಢಿಯಾಗಿತ್ತು. ಮನೆಮನೆಯ ಅಟ್ಟದಲ್ಲೂ ಅವರು ಎರಡು ಬಾವುಟ ಇಟ್ಟುಕೊಂಡಿದ್ದರು. ಯಾವ ಕಡೆಯ ಧೂಳು ಎದ್ದರೆ ಆ ಕಡೆಯ ಬಾವುಟ ಹೊರಗೆ. ಯಾವ ರಾಣಿ ಬಂದರೂ ಯಾರು ಬಿದ್ದರೂ ಕೋಟೆಬಾಗಿಲಲ್ಲಿ ಒಬ್ಬ ಅಜ್ಜಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂತಿರುತ್ತಿದ್ದಳು. ಎರಡೂ ಕಡೆಯ ಸೈನಿಕರು ಕುಡಿಯುವುದು ಅವಳ ಕೈಯಿಂದಲೇ. ಆ ಅಜ್ಜಿಯನ್ನು ಕೊಲ್ಲಬಾರದೆಂದು ಯಾರೂ ಹೇಳಿರಲಿಲ್ಲ. ಆದರೂ ಊರು ಸುಟ್ಟ ಕತೆಯಲ್ಲೂ ಅವಳೊಬ್ಬಳು ಉಳಿಯುತ್ತಿದ್ದಳು.

ಟೀಚರ ಗಂಡ ಶಿವಸುಬ್ರಹ್ಮಣ್ಯರು ತೀರಿಕೊಂಡ ವರ್ಷ ಆಟಿಯಲ್ಲಿ ಆಟ ಬೇಡವೆಂದೇ ಮತಿಯಕ್ಕ ಅಂದುಕೊಂಡಿದ್ದರು. ಟೀಚರೇ ಬಂದು ಕೂತರು, ಸೋತರು. ಗರಿಕೆ ಇಟ್ಟು, "ಕೊನೆಬಾಗಿಲಿನಲ್ಲಿ ದೀಪ ಹಚ್ಚುವವರು ಹೋಗಿಬಿಟ್ಟರು. ಎಣ್ಣೆ ಎಲ್ಲಿ ಇಡುತ್ತಿದ್ದರೆಂದು ಯಾರಿಗೂ ಗೊತ್ತಿಲ್ಲ" ಎಂದರು. ಅಷ್ಟೇ. ಗೆದ್ದ ಮತಿಯಕ್ಕ ಕ್ರಮದಂತೆ ಏನೂ ಹೇಳಲಿಲ್ಲ. ಆ ಸಂಜೆ ತಮ್ಮ ಚಾಪೆ ಸುತ್ತಿಕೊಂಡು ಟೀಚರ ಮನೆಗೆ ಮಲಗಲು ಹೋದವರು ದೀಪಾವಳಿಯವರೆಗೂ ಹಾಗೆಯೇ ಹೋಗುತ್ತಿದ್ದರು.

ಈ ವರ್ಷ ಮಾತು ಬೇರೆಯೇ ಇತ್ತು. ಟೀಚರ ಮಗಳು ಶುಭಶ್ರೀ ಮೆಲ್ಕಾರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ಹೆದ್ದಾರಿಯ ಬದಿಯಲ್ಲಿ ಅಂಗಡಿಗಳ ಮೇಲಿನ ಮಾಳಿಗೆಯಲ್ಲಿ ಮನೆ. ಮಗುವಿಗೆ ಈಗಷ್ಟೇ ಮಾತು ಬರುತ್ತಿದೆ. "ಅಮ್ಮ, ಬಂದು ನಮ್ಮ ಜೊತೆಗೇ ಇರಿ" ಎಂದು ಅವಳು ಹೇಳುತ್ತಾ ಬಂದಿದ್ದಳು. "ನಾನು ತೋಡಾರು ಬಿಟ್ಟು ಎಲ್ಲಿಗೂ ಬರುವುದಿಲ್ಲ" ಎಂದು ಟೀಚರೂ ಅಷ್ಟೇ ಹೇಳುತ್ತಾ ಬಂದಿದ್ದರು. ಹೇಳುವುದು ಹೆಚ್ಚಾಗಿ ಮತಿಯಕ್ಕನ ಎದುರಿಗೆ, ಸ್ವಲ್ಪ ಗಟ್ಟಿಯಾಗಿ.

ಆಟಿ ಮುಗಿಯುವ ಹೊತ್ತಿಗೆ ಒಂದು ದಿನ ಜಗಲಿಯಲ್ಲಿ ಫೋನು ಬಂತು. ಟೀಚರ್ ಸ್ಪೀಕರಿಗೆ ಹಾಕಿ ಎದುರಿಗಿಟ್ಟರು.

"ಶುಭಾ, ಕೇಳು. ಆಟಿಯ ಕೊನೆಯ ದಿನ ಒಂದು ಆಟ ಆಡ್ತೇವೆ. ನನ್ನ ಕೊನೆಬಾಗಿಲು ಬಿದ್ದರೆ ನಾನು ಬರ್ತೇನೆ. ಉಳಿದರೆ ಇನ್ನು ಆ ಮಾತು ಎತ್ತಬಾರದು."

"ಅದೆಂತ ಲೆಕ್ಕ ಅಮ್ಮಾ! ಮತಿಯಕ್ಕಾ, ನೀವಾದರೂ ಹೇಳಿ."

"ನಾನೆಂತ ಹೇಳುವುದು ಮಗಾ?" ಎಂದರು ಮತಿಯಕ್ಕ. "ನಿನ್ನ ಅಮ್ಮನನ್ನು ಸೋಲಿಸಲಿಕ್ಕೆ ನನ್ನಿಂದ ಆಗುತ್ತದಾ?"

ಆಗುವುದಿಲ್ಲವೆಂಬುದೇ ಅವರ ಸಮಾಧಾನವಾಗಿತ್ತು. ಮೆಲ್ಕಾರು ದೂರವಲ್ಲ ಎಂದು ವಿಜಯರಾಜರು ಹೇಳುತ್ತಾರೆ. ಮತಿಯಕ್ಕನ ಲೆಕ್ಕದಲ್ಲಿ ಅದು ಬೇರೆ ದೇಶ. ಮೂಡುಬಿದಿರೆಗೆ ಹೋಗಬೇಕು, ಅಲ್ಲಿಂದ ಬಂಟ್ವಾಳದ ಬಸ್ಸು, ಸಿದ್ದಕಟ್ಟೆಯ ಆ ತಿರುವುಗಳು, ಬಿ.ಸಿ. ರೋಡಿನಲ್ಲಿ ಇಳಿದು ಮತ್ತೊಂದು ಬಸ್ಸು. ಟೀಚರ್ ಹೋದರೆಂದರೆ ಹೋದರು. ಹಾಗಾಗಿ ಆಟಿಯ ಕೊನೆಯ ಮಧ್ಯಾಹ್ನ ಮಣೆ ಒರೆಸಿ ಇಡುವಾಗಲೇ ಮತಿಯಕ್ಕ ನಿಶ್ಚಯಿಸಿದ್ದರು: ಇವತ್ತು ಸೋಲಬೇಕು. ಅದೇನು ಕಷ್ಟದ ಕೆಲಸವೂ ಅಲ್ಲ.

"ಮಹಾರಾಣಿ ಇವತ್ತು ಬೇಗ ತಯಾರಾಗಿದ್ದಾರೆ" ಎನ್ನುತ್ತಾ ಟೀಚರ್ ಬಂದು ಕೂತರು.

"ಬೇಗ ಮುಗಿಸುವ. ಬೆಳಕು ಇರುವಾಗಲೇ ನಮಗೆ ಊಟ ಆಗಬೇಕು."

ಮತಿಯಕ್ಕ ಕೆಟ್ಟ ಗುಳಿಗಳನ್ನೇ ಹುಡುಕಿ ಎತ್ತಿದರು. ಕಾಳು ಎಲ್ಲಿ ವ್ಯರ್ಥವಾಗುತ್ತದೋ ಅಲ್ಲಿ ಹಂಚಿದರು. ಆದರೂ ಅವರ ಗುಳಿಗಳು ಯಾಕೋ ಖಾಲಿಯಾಗಲಿಲ್ಲ. ಬುಟ್ಟಿಯಲ್ಲಿ ಅವರ ಗೆಲುವಿನ ಕಾಳು ಕೆಂಪಗೆ ಏರುತ್ತಲೇ ಇತ್ತು. ಇದೆಂತ ಗ್ರಹಚಾರ, ಬೇಡವೆಂದರೂ ಬರುತ್ತದಲ್ಲ ಎಂದು ಅವರಿಗೆ ಬೇಸರವಾಯಿತು.

ಆಗ ಟೀಚರ ಕೈ ನಡುವಿನ ಗುಳಿಯ ಮೇಲೆ ಹೋಯಿತು. ಅಲ್ಲಿಂದ ಹಂಚಿದರೆ ಕೈ ಸರಿಯಾಗಿ ಒಂದು ಖಾಲಿ ಗುಳಿಯ ಮುಂದೆ ಬರಿದಾಗುತ್ತಿತ್ತು. ಅದರಾಚೆ ಮತಿಯಕ್ಕನ ತುಂಬಿದ ಗುಳಿ, ಎತ್ತಿಕೊಳ್ಳುವುದಷ್ಟೇ ಬಾಕಿ. ಸಣ್ಣ ಮಕ್ಕಳಿಗೂ ಕಾಣುವ ಆಟ. ಟೀಚರ ಬೆರಳು ಅಲ್ಲಿ ಒಂದು ಕ್ಷಣ ನಿಂತು, ಪಕ್ಕದ ಗುಳಿಗೆ ಸರಿಯಿತು. ಕಾಳು ಹಂಚಿಹೋಯಿತು, ಏನೂ ಸಿಗಲಿಲ್ಲ.

ಮತಿಯಕ್ಕ ಮುಖ ಎತ್ತಿ ನೋಡಿದರು. ಟೀಚರ್ ಮಣೆಯನ್ನೇ ನೋಡುತ್ತಿದ್ದರು.

"ಕಣ್ಣು ಕಾಣುವುದಿಲ್ಲವಾ ಟೀಚರೇ? ಆಪರೇಷನ್ ಆದ ಮೇಲೆ ಸೂಜಿಗೆ ನೂಲು ಹಾಕ್ತೇನೆ ಅಂತ ಹೇಳ್ತಿದ್ದಿರಿ."

"ಕಾಣ್ತದೆ. ನೀವು ಆಡಿ."

ಮುಂದಿನ ಸರದಿಯಲ್ಲೂ ಹಾಗೆಯೇ ಆಯಿತು. ಮತಿಯಕ್ಕನ ಎದೆಯಲ್ಲಿ ಮೊದಲು ಎದ್ದದ್ದು ಸಿಟ್ಟು. ಇಷ್ಟು ವರ್ಷ ಒಂದು ಕಾಳನ್ನೂ ಬಿಟ್ಟುಕೊಡದ ಹೆಂಗಸು ಇವತ್ತು ರಾಶಿ ರಾಶಿ ಬಿಟ್ಟುಕೊಡುತ್ತಿದ್ದಾಳೆ. ಸಿಟ್ಟಿನ ಹಿಂದೆಯೇ, ಮೊನ್ನೆ ಟೀಚರ ಅಡುಗೆಮನೆಯಲ್ಲಿ ಕಂಡದ್ದು ನೆನಪಾಯಿತು. ಉಪ್ಪಿನಕಾಯಿ ಭರಣಿಗಳ ಬಾಯಿಗೆ ಬಟ್ಟೆ ಬಿಗಿದು ಗೋಡೆಯ ಬದಿಗೆ ಸಾಲಾಗಿ ಇಟ್ಟಿದ್ದರು. ಹಿತ್ತಿಲಿನ ಕರಿಬೇವಿನ ಮರಿಯೊಂದು ಮಣ್ಣುಸಮೇತ ಪ್ಲಾಸ್ಟಿಕ್ ಚೀಲಕ್ಕೆ ಬಂದಿತ್ತು. "ಇದೆಂತ ಟೀಚರೇ?" ಎಂದದ್ದಕ್ಕೆ "ಸುಮ್ಮನೆ" ಎಂದಿದ್ದರು. ಫೋನಿನಲ್ಲಿ ಮಗು "ಅಜ್ಜೀ" ಎಂದಾಗ ಟೀಚರ ಸ್ವರ ಹೇಗೆ ಮೆತ್ತಗಾಗುತ್ತಿತ್ತೆಂಬುದನ್ನೂ ಮತಿಯಕ್ಕ ಕೇಳಿದ್ದರು. ಕೇಳಿಯೂ ಒಳಗೆ ಇಟ್ಟುಕೊಂಡಿರಲಿಲ್ಲ.

ಹೋಗಬೇಕೆಂಬ ಆಸೆ ಟೀಚರಿಗೆ ಉಂಟು. ಚಾಪೆ ಸುತ್ತಿಕೊಂಡು ಬಂದವಳ ಎದುರು ಅದನ್ನು ಹೇಳಲು ನಾಲಿಗೆ ಬರುವುದಿಲ್ಲ. ಅದಕ್ಕೆ ಕೊನೆಬಾಗಿಲನ್ನು ಕೇಳಲು ಬಂದಿದ್ದಾರೆ.

ಜಗಲಿಯಲ್ಲಿ ಇಬ್ಬರೂ ಸೋಲಲು ಕೂತಿದ್ದರು. ಮತಿಯಕ್ಕನಿಗೆ ಒಮ್ಮೆ ನಗು ಬಂತು, ಆಮೇಲೆ ಬರಲಿಲ್ಲ. ಈಗ ಅವರ ಸರದಿ. ಒಂದು ಗುಳಿ ಎತ್ತಿದರೆ ಟೀಚರ ಸಾಲಿನಲ್ಲಿ ಉಳಿದ ದೊಡ್ಡ ರಾಶಿ ಇವರದ್ದಾಗುತ್ತದೆ. ಇನ್ನೊಂದನ್ನು ಎತ್ತಿದರೆ ಆ ರಾಶಿ ಅಲ್ಲಿಯೇ ಉಳಿಯುತ್ತದೆ, ಟೀಚರೂ ಉಳಿಯುತ್ತಾರೆ. ಮಾತು ಕೊಟ್ಟವರು ಉಳಿಯುವ ಹಾಗೆ ಉಳಿಯುತ್ತಾರೆ. ಭರಣಿಗಳ ಬಟ್ಟೆ ಬಿಚ್ಚುತ್ತಾರೆ, ಕರಿಬೇವನ್ನು ತಿರುಗಿ ನೆಡುತ್ತಾರೆ, ದಿನಾ ಸಂಜೆ ಜಗಲಿಗೆ ಬಂದು ಕೂತು ಫೋನು ನೋಡುತ್ತಾರೆ.

ರಸ್ತೆಯಲ್ಲಿ ಮಂಗಳೂರಿನ ಬಸ್ಸೊಂದು ಹಾರ್ನು ಹಾಕುತ್ತಾ ಹೋಯಿತು. ಮತಿಯಕ್ಕ ಮೊದಲಿನ ಗುಳಿಯನ್ನೇ ಎತ್ತಿದರು. ಒಂದೊಂದೇ ಕಾಳು ಬಿಡುತ್ತಾ ಹೋದರು. ಕೈ ಬರಿದಾಯಿತು, ಮುಂದಿನ ಗುಳಿ ಖಾಲಿ. ಅದರಾಚೆಯ ರಾಶಿಯನ್ನು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ಹಾಕಿದರು.

ಸುತ್ತು ಮುಗಿಯಿತು. ಟೀಚರ್ ತಮ್ಮ ಸಾಲನ್ನು ತುಂಬಿಸತೊಡಗಿದರು. ನಿಧಾನವಾಗಿ ತುಂಬಿಸಿದರೂ ಬಾಗಿಲ ಕಡೆಯ ಗುಳಿಗೆ ಬರುವಾಗ ಕಾಳು ಮುಗಿದಿತ್ತು. ಜಗಲಿಯ ಅಂಚಿಗೆ ಬಾಗಿ ಒಂದು ಗರಿಕೆ ಕಿತ್ತು ಅದರ ಮೇಲೆ ಇಟ್ಟರು.

"ಈ ಸಲ ಕೊನೆಬಾಗಿಲಿನಲ್ಲಿ ಯುದ್ಧ ಆಗಲಿಲ್ಲ" ಎಂದು ಶುರುಮಾಡಿದರು. "ದಂಡು ಬರಲಿಲ್ಲ, ಬೆಂಕಿ ಬೀಳಲಿಲ್ಲ. ಒಂದು ಬೆಳಿಗ್ಗೆ ಮಜ್ಜಿಗೆಯ ಅಜ್ಜಿ ಗಡಿಗೆಯನ್ನು ತೊಳೆದು ಕವುಚಿ ಹಾಕಿದಳು. ಹೊಳೆಯ ಆಚೆ ಒಂದು ಮಗು ಇದೆಯಂತೆ, ಅದು ಇನ್ನೂ ಮಜ್ಜಿಗೆ ಕುಡಿದಿಲ್ಲವಂತೆ. ಗಡಿಗೆ ಒಣಗಿದ ಮೇಲೆ ತಲೆಯಲ್ಲಿ ಇಟ್ಟುಕೊಂಡು ಹೊರಟಳು. ಕೋಟೆಬಾಗಿಲು ದಾಟುವಾಗ ತಿರುಗಿ ನೋಡಿದಳು. ಈಚೆ ಕಡೆಯ ರಾಣಿಯ ಹತ್ತಿರ ಕೇಳಿ ಹೋಗಬೇಕಿತ್ತು. ಕೇಳಲಿಕ್ಕೆ ಅವಳಿಗೆ ಧೈರ್ಯ ಬರಲಿಲ್ಲ."

"ಅಷ್ಟೇ" ಎಂದು ಗರಿಕೆಯನ್ನು ನೇರ ಮಾಡಿದರು.

ಮತಿಯಕ್ಕನಿಗೂ ಹೇಳುವುದಿತ್ತು. ಆದರೆ ಅವರು ಗೆದ್ದವರು. ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ಮಜ್ಜಿಗೆಗೆ ಉಪ್ಪು, ಜಜ್ಜಿದ ಶುಂಠಿ ಹಾಕಿ, ಒಂದು ದೊಡ್ಡ ಲೋಟದಲ್ಲಿ ತಂದು ಟೀಚರ ಕೈಗೇ ಕೊಟ್ಟರು.

ಟೀಚರ್ ಕುಡಿಯಲಿಲ್ಲ, ಲೋಟವನ್ನೇ ನೋಡಿದರು. ಆಮೇಲೆ ನಿಲ್ಲಿಸದೆ ಕುಡಿದು, ಸೆರಗಿನಿಂದ ಬಾಯಿಯ ಜೊತೆಗೆ ಕಣ್ಣನ್ನೂ ಒರೆಸಿಕೊಂಡರು.

"ಉಪ್ಪು ಜಾಸ್ತಿಯಾಯಿತು, ಮಹಾರಾಣಿ."

ಇಬ್ಬರೂ ಸೇರಿ ಕಾಳನ್ನು ಡಬ್ಬಿಗೆ ತುಂಬಿಸಿದರು, ಮಣೆಯನ್ನು ಪಂಚೆಯಲ್ಲಿ ಸುತ್ತಿದರು. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಳ್ಳುತ್ತಾ ಟೀಚರ್, "ನಾಳೆ ಬೆಳಿಗ್ಗೆ ಬರ್ತೇನೆ ಮತಿಯಕ್ಕ. ಶುಭಾಳಿಗೆ ನೀವೇ ಫೋನು ಮಾಡಿ ಹೇಳಬೇಕು" ಎಂದು ಹೋದರು.

ಬಸದಿಯ ಬೀಗ ಹಾಕಿ ವಿಜಯರಾಜರು ಬಂದಾಗ ಮತಿಯಕ್ಕ ಬಟ್ಟಲಿಡುತ್ತಿದ್ದರು. ಹೊರಗೆ ಇನ್ನೂ ಬೆಳಕಿತ್ತು.

"ಯಾರು ಗೆದ್ದದ್ದು?"

"ನಾನು."

ವಿಜಯರಾಜರು ಹೆಂಡತಿಯ ಮುಖ ನೋಡಿ ಊಟಕ್ಕೆ ಕೂತರು. ಎರಡನೆಯ ಸಲ ಅನ್ನ ಬಡಿಸುವಾಗ ಮತಿಯಕ್ಕನೇ ಕೇಳಿದರು:

"ಅಲ್ಲ, ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಲಿಂಬೆಹಣ್ಣು ಮೂಸುತ್ತಾ ಇದ್ದರೆ ವಾಂತಿ ಬರುವುದಿಲ್ಲ ಅಂತ ಹೇಳ್ತಾರಲ್ಲ, ಹೌದಾ?"

"ಎಲ್ಲಿಯವರೆಗೆ ಹೋಗಲಿಕ್ಕೆ ಉಂಟು ಅದರ ಮೇಲೆ" ಎಂದರು ವಿಜಯರಾಜರು. "ಸಿದ್ದಕಟ್ಟೆಯವರೆಗೆ ನಾನು ಗ್ಯಾರಂಟಿ ಕೊಡ್ತೇನೆ. ಆಮೇಲೆ ಇನ್ನೊಂದು ಲಿಂಬೆ ಬೇಕಾದೀತು. ಮಣೆಯನ್ನೂ ಹೊತ್ತುಕೊಂಡು ಹೋಗ್ತೀಯಾ?"

"ಮುಂದಿನ ಆಟಿ ಬರಲಿ, ನೋಡುವ" ಎಂದು ಮತಿಯಕ್ಕ ಅವರ ಅನ್ನಕ್ಕೆ ಸಾರು ಬಡಿಸಿದರು.